ಮುಪ್ಪಿಗೆ ಮದ್ದು, ಅರುವತ್ತರ ಆಚೆಯ ಲೆಕ್ಕ

೨೦೨೫ನೆಯ ಇಸವಿ ಸಪ್ಟೆಂಬರ ೩ರಂದು ಬೀಜಿಂಗಿನಲ್ಲಿ ನಡೆದ ಸೇನಾ ಪ್ರದರ್ಶನಕ್ಕೆ ನಡೆದುಹೋಗುತ್ತಿದ್ದಾಗ ಚೀನದ ಅಧ್ಯಕ್ಷ ಶೀ ಜಿನ್‌ಪಿಂಗರೂ ರಶಿಯದ ಅಧ್ಯಕ್ಷ ಪುಟಿನ್ನರೂ ತಮ್ಮೊಳಗೆ ಆಡಿಕೊಂಡ ನಾಲ್ಕು ಮಾತುಗಳು, ತೆರೆದೇ ಉಳಿದಿದ್ದ ಮೈಕಿನ ದೆಸೆಯಿಂದ, ಜಗತ್ತಿಗೆಲ್ಲ ಕೇಳಿಸಿದವು. ಯುದ್ಧದ ಸಂಗತಿಯಾಗಲಿ ವ್ಯಾಪಾರದ ಸಂಗತಿಯಾಗಲಿ ಅಲ್ಲಿರಲಿಲ್ಲ. ಮನುಷ್ಯನ ಅಂಗಾಂಗಗಳನ್ನು ಮೇಲಿಂದ ಮೇಲೆ ಬದಲಾಯಿಸುತ್ತ ಹೋದರೆ ಮುಪ್ಪನ್ನು ಹಿಂದಕ್ಕಟ್ಟಬಹುದು, ಅಮರತ್ವವನ್ನೂ ಪಡೆಯಬಹುದು ಎಂದು ಪುಟಿನ್ನರ ದುಭಾಷಿಯ ಬಾಯಿಂದ ಬಂದಿತು. ಈ ಶತಮಾನದಲ್ಲಿಯೇ ಮನುಷ್ಯನು ೧೫೦ ವರ್ಷ ಬದುಕಬಹುದೆಂದು ಕೆಲವರು ಹೇಳುತ್ತಿದ್ದಾರೆಂಬುದು ಶೀಯವರ ಕಡೆಯ ಉತ್ತರ. ಅಂದಿಗೆ ಇಬ್ಬರಿಗೂ ೭೨ ವರ್ಷ ವಯಸ್ಸು. ಇಂಥ ಮಾತು ನಡೆದದ್ದು ನಿಜವೆಂದು ಪುಟಿನ್ನರು ಆಮೇಲೆ ಪತ್ರಕರ್ತರ ಮುಂದೆ ಒಪ್ಪಿಕೊಂಡರು.

ಇಂಥ ವಾರ್ತೆಯನ್ನು ಓದಿ, ದೊಡ್ಡವರ ಹುಚ್ಚೆಂದು ನಕ್ಕು ಪತ್ರಿಕೆಯನ್ನು ಮಡಚಿಡುವುದು ಸುಲಭ. ವಿಜ್ಞಾನಕ್ಕೆ ಅಸಾಧ್ಯವಾದುದು ಯಾವುದೂ ಇಲ್ಲವೆಂದು ಕೈಮುಗಿಯುವುದು ಇನ್ನೂ ಸುಲಭ. ಬೆಳಗಿನ ಜಾವಕ್ಕೆ ಒಲೆ ಹೊತ್ತಿಸಿ ರಾತ್ರಿ ಹೊತ್ತು ಮೀರಿ ಬಾಗಿಲೆಳೆಯುವ ನಮ್ಮ ಹೊಟೇಲು ಬಂಧುಗಳಿಗೂ, ಲೋಕಲ್ ಗಾಡಿಯಲ್ಲಿ ತೂಗಾಡುತ್ತ ಕಚೇರಿಗೆ ಹೋಗಿಬರುವ ಗುಮಾಸ್ತೆ ಬಂಧುಗಳಿಗೂ ಈ ವಿಷಯದೊಡನೆ ನಿಜವಾದ ಸಂಬಂಧವೊಂದಿದೆಯೆಂದು ನಮಗೆ ತೋರುತ್ತದೆ. ಆದುದರಿಂದ ಮುಪ್ಪನ್ನು ಮುಂದೂಡುವ ವಿದ್ಯೆಯು ಇಂದು ಎಲ್ಲಿಯವರೆಗೆ ಬಂದಿದೆ, ಅದರಿಂದ ಯಾರಿಗೆ ಏನು ದೊರೆಯಬಹುದು ಎಂಬುದನ್ನು ಸ್ವಲ್ಪ ವಿವರವಾಗಿಯೇ ನೋಡೋಣ.

ಆಸೆಯೇನೋ ಹೊಸತಲ್ಲ. ೧೯೩೮ರ ಆರಂಭದಲ್ಲಿ ಪಂಡಿತ ಮದನಮೋಹನ ಮಾಲವೀಯರು ಪ್ರಯಾಗದ ಬಳಿ ತಪಸೀ ಬಾಬಾ ಎಂಬ ಸಾಧುವಿನಿಂದ ಕಾಯಕಲ್ಪ ಚಿಕಿತ್ಸೆ ಮಾಡಿಸಿಕೊಂಡರು. ಆಗ ಅವರಿಗೆ ೭೬ ವರ್ಷ. ಪತ್ರಿಕೆಗಳು ಅದನ್ನು ಕುತೂಹಲದಿಂದ ವರದಿಮಾಡಿದವು. ಮಾಲವೀಯರು ೧೯೪೬ರಲ್ಲಿ ತಮ್ಮ ೮೪ನೆಯ ವಯಸ್ಸಿನಲ್ಲಿ ತೀರಿಕೊಂಡರು. ಆ ಆಯುಸ್ಸು ಕಾಯಕಲ್ಪದ ಫಲವೋ, ಜೀವಮಾನವೆಲ್ಲ ನಡೆಸಿದ ನೇಮನಿಷ್ಠೆಯ ಫಲವೋ ಹೇಳಬಲ್ಲವರಾರು? ಒಬ್ಬನೇ ಮನುಷ್ಯನ ಮೇಲೆ ಮಾಡಿದ ಪ್ರಯೋಗದಿಂದ ಏನೂ ಸಿದ್ಧವಾಗದು. ಅದಕ್ಕೂ ಮೊದಲು, ೧೯೨೦ರ ದಶಕದಲ್ಲಿ, ಪ್ಯಾರಿಸಿನ ವೊರೊನೊಫ್ ಎಂಬ ಶಸ್ತ್ರವೈದ್ಯನು ವಾನರಗಳ ಗ್ರಂಥಿಗಳ ತುಣುಕುಗಳನ್ನು ಹಣವಂತ ಮುದುಕರ ದೇಹಕ್ಕೆ ಹೊಲಿದು ಬೇಕಾದಷ್ಟು ಕೀರ್ತಿ ಗಳಿಸಿದ್ದನು. ಆ ಕೀರ್ತಿ ಹೆಚ್ಚು ಕಾಲ ಉಳಿಯಲಿಲ್ಲ.

ಮನುಷ್ಯನ ಆಯುಸ್ಸು ಹೆಚ್ಚಿಲ್ಲವೆಂದು ಇದರ ಅರ್ಥವಲ್ಲ. ನಮ್ಮ ದೇಶದಲ್ಲಿ ಸ್ವಾತಂತ್ರ್ಯ ಬಂದ ಹೊಸತರಲ್ಲಿ ಹುಟ್ಟಿದ ಶಿಶುವಿನ ಸರಾಸರಿ ಆಯುಸ್ಸು ಸುಮಾರು ೩೨ ವರ್ಷ. ಈಗ ಅದು ಸುಮಾರು ೭೦. ಆದರೆ ಈ ಅಂಕೆಯನ್ನು ತಪ್ಪಾಗಿ ಓದುವವರು ಬಹಳ. ಅಂದಿನ ಜನರೆಲ್ಲ ಮೂವತ್ತೆರಡಕ್ಕೆ ಮುದುಕರಾಗಿ ಸಾಯುತ್ತಿರಲಿಲ್ಲ. ಹುಟ್ಟಿದ ಮಕ್ಕಳಲ್ಲಿ ಎಷ್ಟೋ ಮಕ್ಕಳು ತೊಟ್ಟಿಲಲ್ಲಿಯೇ ಹೋಗುತ್ತಿದ್ದುವು. ೧೯೭೧ರಲ್ಲಿ ಕೂಡ ಹುಟ್ಟಿದ ಸಾವಿರ ಶಿಶುಗಳಲ್ಲಿ ೧೨೯ ಒಂದು ವರ್ಷ ತುಂಬುವುದರೊಳಗೆ ಸಾಯುತ್ತಿದ್ದುವು. ೨೦೨೩ರ ಸರಕಾರಿ ಲೆಕ್ಕದಂತೆ ಈ ಸಂಖ್ಯೆ ೨೫. ಸರಾಸರಿಯನ್ನು ಮೇಲೆತ್ತಿದ್ದು ಮುಖ್ಯವಾಗಿ ಈ ಮಕ್ಕಳ ಉಳಿವು.

ಅವರನ್ನು ಉಳಿಸಿದ ಸಾಧನಗಳೋ ಅಗ್ಗವಾದವು. ಶುದ್ಧವಾದ ನೀರು, ಸಿಡುಬಿನ ಮುಚ್ಚು, ಬಿಸಿಜಿ, ಪೋಲಿಯೋ ಹನಿ. ೧೮೯೬ರಲ್ಲಿ ಮುಂಬಯಿಗೆ ಪ್ಲೇಗು ಬಡಿದಾಗ ಇಲ್ಲಿಗೆ ಬಂದ ಹಾಫ್‌ಕಿನ್ ಎಂಬ ವಿಜ್ಞಾನಿ ಗ್ರಾಂಟ್ ಮೆಡಿಕಲ್ ಕಾಲೇಜಿನಲ್ಲಿ ಕುಳಿತು ಲಸಿಕೆಯನ್ನು ಸಿದ್ಧಪಡಿಸಿ, ೧೮೯೭ರ ಜನವರಿ ೧೦ರಂದು ಮೊದಲು ತನ್ನ ಮೈಗೇ ಚುಚ್ಚಿಕೊಂಡನು. ಪರೇಲಿನ ಹಾಫ್‌ಕಿನ್ ಸಂಸ್ಥೆಯ ಮುಂದೆ ದಿನವೂ ಹಾದುಹೋಗುವ ವಾಚಕರು ನಮ್ಮಲ್ಲಿ ಹಲವರಿದ್ದಾರು. ೧೯೭೧ರಲ್ಲಿ ಬಾಂಗ್ಲಾ ನಿರಾಶ್ರಿತರ ಬನಗಾಂವ ಶಿಬಿರದಲ್ಲಿ ಕಾಲರಾ ಹಬ್ಬಿ, ನರಕ್ಕೆ ಕೊಡುವ ಲವಣಜಲ ಮುಗಿದುಹೋದಾಗ, ಡಾಕ್ಟರ್ ದಿಲೀಪ ಮಹಾಲನಬೀಸರು ಉಪ್ಪು, ಗ್ಲೂಕೋಸು, ಅಡಿಗೆ ಸೋಡಾಗಳನ್ನು ನೀರಿನಲ್ಲಿ ಕದಡಿ ಲೋಟದಲ್ಲಿ ಕುಡಿಸಿದರು. ನೂರಕ್ಕೆ ಸುಮಾರು ಮೂವತ್ತರಷ್ಟಿದ್ದ ಸಾವು ನಾಲ್ಕಕ್ಕಿಂತ ಕೆಳಗೆ ಇಳಿಯಿತು. ಯಾವ ಹೊಟೇಲಿನ ಉಗ್ರಾಣದಲ್ಲಿಯೂ ಸಿಗುವಂಥ ಸಾಮಾನುಗಳಿಂದ ಲಕ್ಷಾಂತರ ಮಕ್ಕಳ ಆಯುಸ್ಸು ಬೆಳೆದ ಕತೆಯಿದು.

ಮುದಿತನದ ಕಡೆಗೆ ನೋಡಿದರೆ ಚಿತ್ರ ಬೇರೆ. ಅರುವತ್ತು ತುಂಬಿದ ಭಾರತೀಯನಿಗೆ ೧೯೭೦ರ ದಶಕದ ಮೊದಲಲ್ಲಿ ಸರಾಸರಿ ೧೪ ವರ್ಷ ಬಾಳು ಉಳಿದಿರುತ್ತಿತ್ತು. ಈಗ ಸುಮಾರು ೧೮. ಅರ್ಧ ಶತಮಾನದಲ್ಲಿ ಹೆಚ್ಚಿದ್ದು ನಾಲ್ಕೇ ವರ್ಷ. ಇಂದಿನ ವಿಜ್ಞಾನಿಗಳು ಕೈಹಾಕಿರುವುದು ಇಲ್ಲಿಗೆ. ಒಂದೊಂದು ರೋಗವನ್ನು ಬೇರೆಬೇರೆಯಾಗಿ ಅಟ್ಟುವ ಬದಲು, ರೋಗಗಳೆಲ್ಲಕ್ಕೆ ಬಾಗಿಲು ತೆರೆಯುವ ಮುಪ್ಪನ್ನೇ ನಿಧಾನಿಸಲು ಸಾಧ್ಯವೇ ಎಂಬುದು ಅವರ ಪ್ರಶ್ನೆ.

ಈ ಪ್ರಶ್ನೆಗೆ ಇದುವರೆಗೆ ದೊರೆತ ಉತ್ತರಗಳಲ್ಲಿ ಬಲವಾದುದೊಂದು ರಾಪಮೈಸಿನ್ ಎಂಬ ಔಷಧದ್ದು. ಅದರ ಚರಿತ್ರೆಯಲ್ಲಿ ಭಾರತೀಯನೊಬ್ಬನ ಪಾಲು ದೊಡ್ಡದು. ೧೯೬೪ರಲ್ಲಿ ಕೆನಡ ದೇಶದ ವೈದ್ಯರ ತಂಡವೊಂದು ಶಾಂತಸಾಗರದ ನಡುವಣ ಈಸ್ಟರ್ ದ್ವೀಪಕ್ಕೆ ಹೋಗಿ ಅಲ್ಲಿಯ ಮಣ್ಣಿನ ಮಾದರಿಗಳನ್ನು ತಂದಿತು. ದ್ವೀಪವಾಸಿಗಳು ತಮ್ಮ ನೆಲವನ್ನು ರಾಪಾ ನೂಯಿ ಎಂದು ಕರೆಯುತ್ತಾರೆ; ಔಷಧದ ಹೆಸರು ಅದರಿಂದಲೇ ಬಂದುದು. ಮಾಂಟ್ರಿಯಲಿನ ಔಷಧ ಕಂಪೆನಿಯೊಂದರಲ್ಲಿ ಕೆಲಸಕ್ಕಿದ್ದ ಸುರೇಂದ್ರನಾಥ ಸೆಹಗಲ್ ಎಂಬವರು ಆ ಮಣ್ಣಿನ ಸೂಕ್ಷ್ಮಜೀವಿಯೊಂದು ಸ್ರವಿಸುವ ವಸ್ತುವನ್ನು ಬೇರ್ಪಡಿಸಿ ೧೯೭೫ರಲ್ಲಿ ಪ್ರಕಟಿಸಿದರು. ಇವರು ಇಂದು ಪಾಕಿಸ್ತಾನದಲ್ಲಿರುವ ಖುಶಾಬಿನಲ್ಲಿ ಹುಟ್ಟಿ, ಮಾಲವೀಯರೇ ಕಟ್ಟಿದ ಕಾಶಿಯ ಹಿಂದೂ ವಿಶ್ವವಿದ್ಯಾನಿಲಯದಲ್ಲಿ ಓದಿದವರು. ಮೊದಲಿಗೆ ಬೂಷ್ಟು ರೋಗಗಳಿಗೆ ಮದ್ದೆಂದು ಭಾವಿಸಲಾದ ಈ ವಸ್ತುವಿನಲ್ಲಿ ಕಂಪೆನಿಗೆ ಲಾಭ ಕಾಣಲಿಲ್ಲ. ೧೯೮೦ರ ದಶಕದಲ್ಲಿ ಮಾಂಟ್ರಿಯಲಿನ ಪ್ರಯೋಗಾಲಯವೇ ಮುಚ್ಚಿತು. ಸೆಹಗಲ್ಲರು ಊರು ಬಿಟ್ಟು ಅಮೆರಿಕೆಗೆ ಹೊರಟಾಗ ಸ್ವಲ್ಪ ಮಾದರಿಯನ್ನು ಮಂಜುಗಡ್ಡೆಯಲ್ಲಿಟ್ಟು ಜತೆಗೆ ಒಯ್ದು, ಮನೆಯ ಫ್ರಿಜ್ಜಿನಲ್ಲಿ ತಿನಿಸುಗಳ ಪಕ್ಕದಲ್ಲಿ ಕಾಪಾಡಿಟ್ಟರು. ಕೆಲವು ವರ್ಷಗಳ ಮೇಲೆ ಹೊಸ ಆಡಳಿತದವರನ್ನು ಒಪ್ಪಿಸಿ ಮತ್ತೆ ಕೆಲಸಕ್ಕೆ ತೊಡಗಿದರು. ೧೯೯೯ರಲ್ಲಿ ಮೂತ್ರಪಿಂಡ ಬದಲಾಯಿಸಿಕೊಂಡವರ ದೇಹವು ಹೊಸ ಅಂಗವನ್ನು ತಿರಸ್ಕರಿಸದಂತೆ ಮಾಡುವ ಮದ್ದಾಗಿ ಅದಕ್ಕೆ ಅಮೆರಿಕೆಯಲ್ಲಿ ಮಂಜೂರಾತಿ ದೊರೆಯಿತು. ಬೀಜಿಂಗಿನಲ್ಲಿ ನಾಯಕರು ಹಗುರಾಗಿ ಆಡಿದ ಅಂಗ ಬದಲಾವಣೆಯ ಹಿಂದೆ ಇಂಥ ಮದ್ದುಗಳನ್ನು ಬಾಳಿನುದ್ದಕ್ಕೂ ನುಂಗುವ ಕಷ್ಟವಿದೆಯೆಂಬುದನ್ನು ಅವರು ಹೇಳಲಿಲ್ಲ. ಮೂತ್ರಪಿಂಡವನ್ನೂ ಹೃದಯವನ್ನೂ ಬದಲಾಯಿಸಿದರೂ ಮಿದುಳನ್ನು ಬದಲಾಯಿಸುವುದು ಹೇಗೆಂಬುದನ್ನೂ ಹೇಳಲಿಲ್ಲ.

ಸೆಹಗಲ್ಲರು ೨೦೦೩ರಲ್ಲಿ ತೀರಿಕೊಂಡರು. ೨೦೦೯ರಲ್ಲಿ ಅಮೆರಿಕೆಯ ಮೂರು ಪ್ರಯೋಗಾಲಯಗಳು ಏಕಕಾಲಕ್ಕೆ ನಡೆಸಿದ ಪ್ರಯೋಗದ ಫಲ ಪ್ರಕಟವಾಯಿತು. ೬೦೦ ದಿನ ವಯಸ್ಸಾದ, ಅಂದರೆ ಮನುಷ್ಯನ ಲೆಕ್ಕದಲ್ಲಿ ಸುಮಾರು ಅರುವತ್ತಾದ ಇಲಿಗಳಿಗೆ ರಾಪಮೈಸಿನ್ ತಿನ್ನಿಸಿದಾಗ ಹೆಣ್ಣಿಲಿಗಳು ಶೇಕಡಾ ೧೪ರಷ್ಟೂ ಗಂಡಿಲಿಗಳು ಶೇಕಡಾ ೯ರಷ್ಟೂ ಹೆಚ್ಚು ಬದುಕಿದವು. ಮುದಿವಯಸ್ಸಿನಲ್ಲಿ ಆರಂಭಿಸಿದರೂ ಫಲ ಕೊಡುವ ಮದ್ದು ಇದೇ ಮೊದಲಾದುದರಿಂದ ವಿಜ್ಞಾನಲೋಕದಲ್ಲಿ ಸಂಚಲನ ಉಂಟಾಯಿತು.

ಇದು ಕೆಲಸಮಾಡುವ ಬಗೆಯನ್ನು ನಮ್ಮ ಹೊಟೇಲು ಬಂಧುಗಳಿಗೆ ವಿವರಿಸುವುದು ಕಷ್ಟವಲ್ಲ. ದೇಹದ ಪ್ರತಿಯೊಂದು ಜೀವಕೋಶದಲ್ಲಿಯೂ ಟಾರ್ ಎಂಬ ಹೆಸರಿನ ಪ್ರೋಟೀನೊಂದಿದೆ. ಅದನ್ನು ಗಲ್ಲಾದಲ್ಲಿ ಕುಳಿತ ಮೆನೇಜರನೆಂದು ತಿಳಿಯೋಣ. ಗಿರಾಕಿಗಳು ನುಗ್ಗುವ ಹೊತ್ತಿನಲ್ಲಿ, ಅಂದರೆ ಆಹಾರ ಯಥೇಚ್ಛವಾಗಿ ಬರುತ್ತಿರುವಾಗ, ಒಲೆಗಳೆಲ್ಲ ಉರಿಯಲಿ, ಹೊಸ ಸಾಮಾನು ತಯಾರಾಗಲಿ ಎಂದು ಅವನ ಆಜ್ಞೆ. ಆಗ ಪಾತ್ರೆ ಉಜ್ಜುವವರಿಲ್ಲ, ಮೂಲೆಯ ಕಸ ತೆಗೆಯುವವರಿಲ್ಲ. ಮಧ್ಯಾಹ್ನ ಮೂರರ ಸುಮಾರಿಗೆ ಗಿರಾಕಿ ಕಡಿಮೆಯಾದಾಗ ಮಾತ್ರ ಮೋರಿ ಶುಚಿಯಾಗುತ್ತದೆ, ಒಡೆದ ಸಾಮಾನು ದುರಸ್ತಿಯಾಗುತ್ತದೆ, ಹಳಸಿದ್ದು ಹೊರಬೀಳುತ್ತದೆ. ರಾಪಮೈಸಿನ್ ಮೆನೇಜರನ ಕಿವಿಯಲ್ಲಿ ಗಿರಾಕಿಗಳಿಲ್ಲವೆಂದು ಉಸುರುವ ಮದ್ದು. ೧೯೩೫ರಲ್ಲಿಯೇ ಅಮೆರಿಕೆಯ ಕಾರ್ನೆಲ್ ವಿಶ್ವವಿದ್ಯಾನಿಲಯದ ಮೆಕೆ ಎಂಬವರು ಇಲಿಗಳಿಗೆ ಮಿತವಾಗಿ ಉಣಿಸಿದರೆ ಅವು ಹೆಚ್ಚು ಬದುಕುವುದನ್ನು ಕಂಡಿದ್ದರು. ಅದರ ಗುಟ್ಟು ಕೂಡ ಬಹುಪಾಲು ಇದೇ ಇರಬೇಕೆಂದು ಈಗ ತಿಳಿಯಲಾಗಿದೆ.

ಆದರೆ ಇಲಿ ಇಲಿಯೇ. ಕೋತಿಗಳಿಗೆ ಮಿತಾಹಾರ ಕೊಟ್ಟು ನಡೆಸಿದ ಎರಡು ದೀರ್ಘ ಪ್ರಯೋಗಗಳಲ್ಲಿ, ಒಂದರಲ್ಲಿ ಅವು ಹೆಚ್ಚು ಬದುಕಿದುವೆಂದು ೨೦೦೯ರಲ್ಲಿ ವರದಿಯಾದರೆ, ಇನ್ನೊಂದರಲ್ಲಿ ಆಯುಸ್ಸು ಹೆಚ್ಚಲಿಲ್ಲವೆಂದು ೨೦೧೨ರಲ್ಲಿ ವರದಿಯಾಯಿತು. ರಾಪಮೈಸಿನ್ ಮನುಷ್ಯನ ಆಯುಸ್ಸನ್ನು ಹೆಚ್ಚಿಸುತ್ತದೆಂಬುದಕ್ಕೆ ಸಾಕ್ಷ್ಯ ಇದುವರೆಗೆ ಇಲ್ಲ. ಬಾಯಿಹುಣ್ಣು, ರಕ್ತದ ಕೊಬ್ಬಿನ ಏರಿಕೆ, ಸೋಂಕು ತಡೆವ ಶಕ್ತಿಯ ಕುಂದು ಮೊದಲಾದ ದೋಷಗಳಂತೂ ಇದ್ದೇ ಇವೆ. ಅಮೆರಿಕೆಯ ಬ್ರಯಾನ್ ಜಾನ್ಸನ್ ಎಂಬ ಕೋಟ್ಯಧೀಶನು, ಮುಪ್ಪನ್ನು ತಡೆಯಲು ವರ್ಷಕ್ಕೆ ೨೦ ಲಕ್ಷ ಡಾಲರು ವೆಚ್ಚಮಾಡುತ್ತಾನೆಂದು ಹೆಸರಾದವನು, ಸುಮಾರು ಐದು ವರ್ಷ ಈ ಮದ್ದನ್ನು ನುಂಗಿ, ಚರ್ಮದ ಸೋಂಕು, ಸಕ್ಕರೆಯ ಏರಿಕೆ ಮೊದಲಾದುವು ಕಂಡುದರಿಂದ ೨೦೨೪ರಲ್ಲಿ ಬಿಟ್ಟುಬಿಟ್ಟನು. ಇದೇ ಗೃಹಸ್ಥನು ೨೦೨೩ರಲ್ಲಿ ತನ್ನ ಹದಿಹರೆಯದ ಮಗನ ರಕ್ತರಸವನ್ನು ತನ್ನ ಮೈಗೆ ಏರಿಸಿಕೊಂಡು, ಪ್ರಯೋಜನವೇನೂ ಕಾಣಲಿಲ್ಲವೆಂದು ಆಮೇಲೆ ತಾನೇ ಸಾರಿದನು. ಪೂರುವಿನಿಂದ ತಾರುಣ್ಯವನ್ನು ಕೇಳಿ ಪಡೆದ ಯಯಾತಿಯ ಕತೆಯನ್ನು ಯಕ್ಷಗಾನದಲ್ಲಿಯೋ ಹರಿಕತೆಯಲ್ಲಿಯೋ ಕೇಳಿದ ನಮ್ಮವರಿಗೆ ಇದರಲ್ಲಿ ಬೆರಗಾಗುವುದೇನೂ ಇರಲಾರದು.

ಉಳಿದ ಪ್ರಯತ್ನಗಳನ್ನು ಸಂಕ್ಷೇಪವಾಗಿ ಹೇಳಬಹುದು. ೨೦೦೬ರಲ್ಲಿ ಜಪಾನಿನ ಯಾಮನಾಕ ಅವರು ಬೆಳೆದ ಜೀವಕೋಶವನ್ನು ಭ್ರೂಣದ ಕೋಶದಂತೆ ಮರಳಿ ಎಳೆಯದಾಗಿಸುವ ಉಪಾಯವನ್ನು ಕಂಡುಹಿಡಿದು ೨೦೧೨ರಲ್ಲಿ ನೊಬೆಲ್ ಪಾರಿತೋಷಕ ಪಡೆದರು. ಇದು ಅದ್ಭುತವಾದ ವಿದ್ಯೆಯೇ ಸರಿ; ಅತಿಯಾದರೆ ಕೋಶಗಳು ಗಡ್ಡೆಗಳಾಗುವ ಭಯವೂ ಅದರಲ್ಲಿದೆ. ಈ ದಾರಿಯಲ್ಲಿ ನಡೆಯಲೆಂದು ೨೦೨೨ರಲ್ಲಿ ಆಲ್ಟೋಸ್ ಲ್ಯಾಬ್ಸ್ ಎಂಬ ಕಂಪೆನಿ ೩೦೦ ಕೋಟಿ ಡಾಲರುಗಳ ಬಂಡವಾಳದೊಡನೆ ಹುಟ್ಟಿತು. ಅತ್ತ, ೧೯೫೭ರಿಂದ ಮಧುಮೇಹಕ್ಕೆ ಬಳಕೆಯಲ್ಲಿರುವ ಮೆಟ್‌ಫಾರ್ಮಿನ್ ಎಂಬ ಗುಳಿಗೆ ಮುಪ್ಪನ್ನೂ ತಡೆಯುವುದೇ ಎಂದು ಮೂರು ಸಾವಿರ ವೃದ್ಧರ ಮೇಲೆ ಪರೀಕ್ಷಿಸುವ ಯೋಜನೆಯೊಂದು ಅಮೆರಿಕೆಯಲ್ಲಿ ಸಿದ್ಧವಾಗಿ, ಹಣಕ್ಕಾಗಿ ವರ್ಷಗಟ್ಟಲೆ ಕಾದಿತು. ಕಾರಣ ಸ್ಪಷ್ಟ. ಪೇಟೆಂಟು ಮುಗಿದು ಹೋದ ಅಗ್ಗದ ಗುಳಿಗೆಯಿಂದ ಯಾವ ಕಂಪೆನಿಗೂ ಲಾಭವಿಲ್ಲ. ಫಲ ಕೊಡುವುದೋ ಇಲ್ಲವೋ, ಪರೀಕ್ಷೆಯಾದರೂ ಆಗಬೇಕಷ್ಟೆ? ಬಡವನ ಕೈಗೆಟಕುವ ಮದ್ದಿನ ಪರೀಕ್ಷೆಗೆ ಹಣವಿಲ್ಲದೆ, ಎಟಕದ ಮದ್ದಿನ ಹುಡುಕಾಟಕ್ಕೆ ಕೋಟಿಗಟ್ಟಲೆ ಹರಿಯುವುದನ್ನು ಬರಿಯ ವಿಜ್ಞಾನದ ಸಂಗತಿಯೆಂದು ನಾವು ಒಪ್ಪಲಾರೆವು.

ನೂರೈವತ್ತರ ಮಾತಿಗೆ ಬಂದರೆ, ದಾಖಲೆ ಸಹಿತ ಸಿದ್ಧವಾದ ಅತಿ ದೀರ್ಘ ಆಯುಸ್ಸು ಫ್ರಾನ್ಸಿನ ಜೀನ್ ಕಾಲ್ಮೆಂ ಎಂಬ ಮಹಿಳೆಯದು. ೧೨೨ ವರ್ಷ ಬದುಕಿ ಅವರು ೧೯೯೭ರಲ್ಲಿ ತೀರಿಕೊಂಡರು. ಆಮೇಲೆ ಅದನ್ನು ಮೀರಿದವರಿಲ್ಲ. ನೂರು ದಾಟಿದ ವಿಶ್ವೇಶ್ವರಯ್ಯನವರು, ೧೧೧ ವರ್ಷ ಬಾಳಿದ ಸಿದ್ಧಗಂಗೆಯ ಶಿವಕುಮಾರ ಸ್ವಾಮಿಗಳು ನಮ್ಮ ನಾಡಿನ ಹೆಮ್ಮೆಯಾದರೂ ಅವರು ಅಪರೂಪದವರು. ಅತಿ ದೀರ್ಘಾಯುಗಳಿರುವ ದೇಶಗಳಲ್ಲಿ ಸಹ ೧೯೯೦ರ ಅನಂತರ ಆಯುಸ್ಸಿನ ಏರಿಕೆ ನಿಧಾನವಾಗುತ್ತ ಬಂದಿದೆಯೆಂದು ಅಮೆರಿಕೆಯ ಒಲ್ಶಾನ್‌ಸ್ಕಿ ಮತ್ತು ಸಂಗಡಿಗರು ೨೦೨೪ರಲ್ಲಿ ಲೆಕ್ಕಸಮೇತ ತೋರಿಸಿದ್ದಾರೆ. ಈ ಒಲ್ಶಾನ್‌ಸ್ಕಿಯವರೂ ಆಸ್ಟಾಡ್ ಎಂಬ ಇನ್ನೊಬ್ಬ ವಿಜ್ಞಾನಿಯೂ ೨೦೦೦ದಲ್ಲಿ ಪಂದ್ಯ ಕಟ್ಟಿಕೊಂಡಿದ್ದಾರೆ. ಆಗ ಬದುಕಿದ್ದವರಲ್ಲಿ ಒಬ್ಬರಾದರೂ ೨೧೫೦ರ ಹೊತ್ತಿಗೆ ನೂರೈವತ್ತು ವರ್ಷ ಮುಟ್ಟುವರೆಂದು ಆಸ್ಟಾಡರ ವಾದ. ಗೆದ್ದ ಹಣ ಮರಿಮಕ್ಕಳಿಗೆ.

ಈಗ ನಮ್ಮ ಮನೆಯ ಲೆಕ್ಕ. ಮೇಲೆ ಹೇಳಿದ ಜಾನ್ಸನ್ ಭಾರತಕ್ಕೆ ಬಂದಿದ್ದಾಗ, ಕೋಣೆಯೊಳಗಿನ ಗಾಳಿ ಕೆಟ್ಟಿದೆಯೆಂದು ಸಂದರ್ಶನವೊಂದನ್ನು ಅರ್ಧದಲ್ಲಿಯೇ ಬಿಟ್ಟೆದ್ದ ಸಂಗತಿ ೨೦೨೫ರ ಫೆಬ್ರವರಿಯಲ್ಲಿ ಬಯಲಾಯಿತು. ಬಹಳ ಜನ ಅವನನ್ನು ಹಳಿದರು. ನಮಗೆ ಹಳಿಯಲು ಮನಸ್ಸು ಬರಲಿಲ್ಲ. ಗಾಳಿಯ ಧೂಳಿನಿಂದ ಭಾರತೀಯನ ಆಯುಸ್ಸಿನಲ್ಲಿ ಸರಾಸರಿ ಮೂರೂವರೆ ವರ್ಷ, ದಿಲ್ಲಿಯವರ ಆಯುಸ್ಸಿನಲ್ಲಿ ಎಂಟು ವರ್ಷಕ್ಕೂ ಮಿಕ್ಕಿ ನಷ್ಟವಾಗುತ್ತಿದೆಯೆಂದು ಶಿಕಾಗೋ ವಿಶ್ವವಿದ್ಯಾನಿಲಯದ ೨೦೨೫ರ ವರದಿ ಹೇಳುತ್ತದೆ. ಇಷ್ಟು ವರ್ಷಗಳನ್ನು ಮರಳಿ ಕೊಡಬಲ್ಲ ಗುಳಿಗೆ ಯಾವ ಪ್ರಯೋಗಾಲಯದಲ್ಲಿಯೂ ಇಲ್ಲ. ಅವನು ಒಂದು ಗಂಟೆ ಸೈರಿಸಲಾರದ ಗಾಳಿಯಲ್ಲಿ, ಅದರ ಮೇಲೆ ಬಾಣಲೆಯ ಎಣ್ಣೆಹೊಗೆಯನ್ನೂ ಸೇರಿಸಿಕೊಂಡು, ನಮ್ಮ ಅಡಿಗೆ ಭಟ್ಟರು ದಿನಕ್ಕೆ ಹನ್ನೆರಡು ಹದಿನಾಲ್ಕು ಗಂಟೆ ನಿಂತಿರುತ್ತಾರೆ. ಹೊಗೆ ಹೊರಗೆಳೆಯುವ ಯಂತ್ರವಿದ್ದರೂ ಅದು ಗ್ರಾಹಕರಿಗೆ ವಾಸನೆ ಬಾರದಿರಲೆಂದು ತಿರುಗುವುದೇ ಹೆಚ್ಚು.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು ೨೦೨೩ರಲ್ಲಿ ಪ್ರಕಟವಾದ ದೊಡ್ಡ ಸಮೀಕ್ಷೆಯಂತೆ ದೇಶದ ವಯಸ್ಕರಲ್ಲಿ ನೂರಕ್ಕೆ ಮೂವತ್ತೈದಕ್ಕೂ ಮಿಕ್ಕಿ ಜನರಿಗೆ ರಕ್ತದೊತ್ತಡವಿದೆ. ಮಧುಮೇಹಿಗಳು ಹತ್ತು ಕೋಟಿಗೂ ಹೆಚ್ಚು. ಎರಡಕ್ಕೂ ಮದ್ದುಂಟು, ಜನೌಷಧಿ ಅಂಗಡಿಯಲ್ಲಿ ಕಡಿಮೆ ಬೆಲೆಗೆ ಸಿಗುತ್ತದೆ, ಆಯುಸ್ಸನ್ನು ಕಾಯುವುದೆಂದು ಮನುಷ್ಯರಲ್ಲಿಯೇ ಸಿದ್ಧವಾಗಿದೆ. ಆದರೆ ಒತ್ತಡವಿದೆಯೆಂದು ತಿಳಿಯುವುದು ಅಳೆದಾಗ ಮಾತ್ರ. ೨೦೨೫ರ ನವಂಬರ ೨೧ರಂದು ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಾಗ, ನಲವತ್ತು ದಾಟಿದ ಕೆಲಸಗಾರರಿಗೆ ಮಾಲಿಕರು ವರ್ಷಕ್ಕೊಮ್ಮೆ ಉಚಿತ ವೈದ್ಯಪರೀಕ್ಷೆ ಮಾಡಿಸಬೇಕೆಂದು ಕೇಂದ್ರ ಸರಕಾರ ಪ್ರಕಟಿಸಿತು. ಈ ಮಾತನ್ನು ಹೊಟೇಲು ಮಾಲಿಕರ ಸಂಘಗಳೂ ನಮ್ಮ ಊರೂರಿನ ಕನ್ನಡ ಸಂಘಗಳೂ ಕೈಗೆತ್ತಿಕೊಳ್ಳುವುದು ಅವಶ್ಯ. ವಾರ್ಷಿಕೋತ್ಸವದ ಚಪ್ಪರದಲ್ಲಿ ರಕ್ತದೊತ್ತಡ ಅಳೆಯುವ ಒಂದು ಮೇಜು ಹಾಕಲು ಎಷ್ಟು ಖರ್ಚು ತಗಲೀತು?

ಎಪ್ಪತ್ತು ತುಂಬಿದವರಿಗೆ, ಆದಾಯವೆಷ್ಟೇ ಇರಲಿ, ವರ್ಷಕ್ಕೆ ಕುಟುಂಬವೊಂದಕ್ಕೆ ಐದು ಲಕ್ಷ ರೂಪಾಯಿವರೆಗೆ ಆಸ್ಪತ್ರೆಯ ಚಿಕಿತ್ಸೆ ಕೊಡುವ ಆಯುಷ್ಮಾನ್ ಯೋಜನೆಯ ವಿಸ್ತರಣೆ ೨೦೨೪ರ ಅಕ್ಟೋಬರ ೨೯ರಂದು ಆರಂಭವಾಯಿತು. ಆಧಾರ್ ಚೀಟಿಯಲ್ಲಿ ನಮೂದಾದ ವಯಸ್ಸೇ ಅದಕ್ಕೆ ಪ್ರಮಾಣ. ಊರಲ್ಲಿರುವ ತಂದೆತಾಯಿಗಳಿಗೆ ಈ ಕಾರ್ಡು ಮಾಡಿಸಿದ್ದೀರಾ ಎಂದು ನಮ್ಮ ವಾಚಕರನ್ನು ಕೇಳುತ್ತೇವೆ.

ಇನ್ನು ಅನ್ನದ ಮಾತು. ಅರುವತ್ತರ ಆಚೆ ಸರಾಸರಿ ೧೮ ವರ್ಷ ಬಾಳು ಉಳಿದಿದೆಯೆಂದು ಮೇಲೆ ಹೇಳಿದೆವಷ್ಟೆ. ಭವಿಷ್ಯನಿಧಿಯ ಪಿಂಚಣಿ ಯೋಜನೆಯಲ್ಲಿ ೫೮ಕ್ಕೆ ಪಿಂಚಣಿ ಆರಂಭ. ಹತ್ತು ವರ್ಷದ ಸೇವೆ ದಾಖಲಾಗಿರಬೇಕು. ೨೦೧೪ರಲ್ಲಿ ಗೊತ್ತುಮಾಡಿದ ಕನಿಷ್ಠ ಮೊತ್ತ ತಿಂಗಳಿಗೆ ೧೦೦೦ ರೂಪಾಯಿ. ದಿನಕ್ಕೆ ಮೂವತ್ತಮೂರು ರೂಪಾಯಿ ಚಿಲ್ಲರೆಯಾಯಿತು. ತಾನು ಜೀವಮಾನವೆಲ್ಲ ಬಡಿಸಿದ ಮಸಾಲೆ ದೋಸೆಯನ್ನು ಆ ಹಣದಲ್ಲಿ ಕೊಂಡು ತಿನ್ನಲು ಮುಂಬಯಿಯಲ್ಲಿ ಸಾಧ್ಯವಿಲ್ಲ. ಇಪ್ಪತ್ತಕ್ಕಿಂತ ಕಡಿಮೆ ಜನರು ದುಡಿಯುವ ಹೊಟೇಲಿಗೆ ಈ ನಿಧಿಯ ಕಡ್ಡಾಯವೂ ಇಲ್ಲ. ಮುಪ್ಪನ್ನು ತಡೆಯುವ ಮದ್ದು ನಾಳೆಯೇ ಬಂದು, ನಮ್ಮವನೊಬ್ಬನ ಬಾಳು ಇನ್ನೂ ಹತ್ತು ವರ್ಷ ಬೆಳೆಯಿತೆನ್ನೋಣ. ಹೊಟೇಲಿನ ಅಟ್ಟದಲ್ಲಿ ಮಲಗಿ ದಿನ ಕಳೆದವನು ಆ ಹತ್ತು ವರ್ಷಗಳನ್ನು ಯಾವ ಸೂರಿನಡಿ, ಯಾರ ಅನ್ನದಿಂದ ಕಳೆಯಬೇಕೆಂಬುದಕ್ಕೆ ಬೀಜಿಂಗಿನಲ್ಲಾಗಲಿ ಅಮೆರಿಕೆಯಲ್ಲಾಗಲಿ ಉತ್ತರ ಸಿಗದು. ವಿಜ್ಞಾನದ ಹುಡುಕಾಟವನ್ನು ನಾವು ಬೇಡವೆನ್ನುವುದಿಲ್ಲ. ಸೆಹಗಲ್ಲರಂಥವರ ಹಟದಿಂದ ಮುಂದೊಂದು ದಿನ ಮುದಿತನದ ಬೇನೆ ಕಡಿಮೆಯಾದೀತು. ಪಿಂಚಣಿಯ ಅಂಕೆ ಮೇಲೇರಬೇಕೆಂಬ ಕೂಗನ್ನೂ ಅಷ್ಟೇ ಗಂಭೀರವಾಗಿ ಪರಿಗಣಿಸಬೇಕೆಂದು ಮಾತ್ರ ಹೇಳುತ್ತೇವೆ.

ಸದ್ಯಕ್ಕೆ ಕೈಯಲ್ಲಿರುವ ಕೆಲಸವೊಂದಿದೆ. ಒಂದು ಹೊಟೇಲು ಬಿಟ್ಟು ಇನ್ನೊಂದಕ್ಕೆ ಸೇರುವಾಗ ನಮ್ಮ ಹುಡುಗರು ಹಳೆಯ ಭವಿಷ್ಯನಿಧಿಯ ಖಾತೆಯನ್ನು ಅಲ್ಲಿಯೇ ಮರೆತುಬಿಡುತ್ತಾರೆ, ಇಲ್ಲವೆ ಹಣ ತೆಗೆದು ಊರ ಜಾತ್ರೆಗೆ ಖರ್ಚುಮಾಡಿಬಿಡುತ್ತಾರೆ. ಹಾಗಾದಾಗ ಹತ್ತು ವರ್ಷದ ಸೇವೆಯ ಲೆಕ್ಕ ಮತ್ತೆ ಮೊದಲಿನಿಂದ ಆರಂಭವಾಗುವ ಸಂಭವವಿದೆ. ಎಲ್ಲ ಖಾತೆಗಳಿಗೂ ಒಂದೇ ಆಗಿರುವ ಹನ್ನೆರಡು ಅಂಕೆಯ ಸಂಖ್ಯೆಯನ್ನು ಹೊಸ ಮಾಲಿಕರಿಗೆ ಕೊಟ್ಟು, ಹಳೆಯದನ್ನು ಹೊಸದಕ್ಕೆ ಕೂಡಿಸಿಕೊಳ್ಳಬೇಕು. ಬರವಣಿಗೆ ಬಲ್ಲ ಗುಮಾಸ್ತೆ ಬಂಧುಗಳು ಭಾನುವಾರ ಒಂದು ಗಂಟೆ ಬಿಡುವು ಮಾಡಿಕೊಂಡರೆ ಹತ್ತು ಜನ ಹೊಟೇಲು ಹುಡುಗರ ಈ ಕೆಲಸವನ್ನು ಮುಗಿಸಿಕೊಡಬಹುದಾಗಿದೆ.